ಬ್ಯಾಂಕಿನ ಇಂಜಿನಿಯರ್ ನೋಡಿ ಹೋಗಿದ್ದಾರೆ ಅಂತ ಸುಮ್ಮನಿರಬೇಡಿ

ವಿಜಯಪುರದಲ್ಲಿ ಸಾಲ ತೆಗೆದು ಮನೆ ಕಟ್ಟಿಸುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಊರ ಹೊರಗೆ ಎರೆಹೊಲ ಎನ್‌ಎ (ಕೃಷಿಯೇತರ ಜಮೀನು) ಆಗಿ ಬಂದ ಪ್ಲಾಟುಗಳಲ್ಲಿ ಪಾಯಾ ತೋಡಿಸುತ್ತಿರುವವರು ಪೂರ್ತಿ ಓದಿ. ನನ್ನ ಮನೆಯ ಗೋಡೆ ಬಿರುಕು ಬಿಟ್ಟಿದೆ. ಮುಂದಿನ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಸ್ಲ್ಯಾಬಿನವರೆಗೆ ಹೋಗಿದೆ. ಐದು ರೂಪಾಯಿ ನಾಣ್ಯ ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಗೃಹಪ್ರವೇಶ ಆಗಿ ಇನ್ನೂ ಮೂರು ವರ್ಷ ತುಂಬಿಲ್ಲ. ಕಂತು ಕಟ್ಟುವುದು ಮಾತ್ರ ಹದಿನೇಳು ವರ್ಷ ಬಾಕಿ ಇದೆ.

ತಪ್ಪು ನನ್ನದೂ ಇದೆ. ಕಟ್ಟಿಸುವಾಗ ಪರಿಚಯದ ಇಂಜಿನಿಯರ್ ಒಬ್ಬರು "ಮೂರು ಸಲ ಬಂದು ನೋಡ್ತೀನ್ರಿ, ಎಂಟು ಸಾವಿರ ಕೊಡ್ರಿ" ಅಂದಿದ್ದರು. ನಾನು ಬೇಡ ಅಂದೆ. ಹಂತ ಹಂತಕ್ಕೆ ಬ್ಯಾಂಕಿನವರೇ ಇಂಜಿನಿಯರ್ ಕಳಿಸುತ್ತಾರೆ, ಅದರ ಫೀಸನ್ನೂ ನಮ್ಮಿಂದಲೇ ತಗೊಳ್ತಾರೆ, ಮತ್ತೆ ಇವರಿಗ್ಯಾಕೆ ದುಡ್ಡು ಅಂತ ನನ್ನ ಲೆಕ್ಕ. ಗುತ್ತಿಗೆದಾರನೂ ಇದಕ್ಕೆ ತಾಳ ಹಾಕಿದ. "ಬ್ಯಾಂಕಿನವ್ರು ಸುಮ್ನ ರೊಕ್ಕ ಬಿಡ್ತಾರೇನ್ರಿ ಸರ? ಕೆಲಸ ಛಲೋ ಇದ್ರನ ಬಿಡ್ತಾರ."

ಮೊದಲ ಸಲ ಬಂದ ಬ್ಯಾಂಕಿನ ಇಂಜಿನಿಯರ್ ಹೆಲ್ಮೆಟ್ ಕೈಯಲ್ಲೇ ಹಿಡಿದು ಒಂದು ಸುತ್ತು ಹಾಕಿದರು. ಟೇಪು ಹಿಡಿದು ಉದ್ದ ಅಗಲ ಅಳೆದರು. ನನ್ನನ್ನು ಪ್ಲಿಂತ್ ಮುಂದೆ ನಿಲ್ಲಿಸಿ ನಾಲ್ಕು ಫೋಟೋ ತೆಗೆದರು. ಹತ್ತು ನಿಮಿಷ ಆಗಿರಬಹುದು. ಅವರು ಬರುವ ಹೊತ್ತಿಗೆ ಪಾಯಾ ಮುಚ್ಚಿ ವಾರವಾಗಿತ್ತು. ನೆಲದೊಳಗೆ ಏನಿದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಲಿಂಟಲ್‌ಗೆ ಒಮ್ಮೆ, ಸ್ಲ್ಯಾಬಿಗೆ ಒಮ್ಮೆ ಬಂದರು. ಪ್ರತಿ ಸಲ ದುಡ್ಡು ಬಿಡುಗಡೆ ಆಯಿತು. ಅದನ್ನೇ ನಾನು ಸರ್ಟಿಫಿಕೇಟ್ ಅಂದುಕೊಂಡೆ.

ಎರೆಮಣ್ಣಿನ ಗುಣ ನಮಗೆ ಹೊಸದಲ್ಲ. ಡೋಣಿ ನದಿ ದಂಡೆಯ ಬಿಳಿಜೋಳ ಬೆಳೆಯುವುದು ಅದರಲ್ಲೇ ಅಲ್ವಾ? ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಹೊಲದಲ್ಲಿ ಹುಟ್ಟಿದಾಗಿನಿಂದ ನೋಡಿದ್ದನ್ನು ಮನೆ ಕಟ್ಟುವಾಗ ಮರೆತೆ. ಇಂಥ ನೆಲದಲ್ಲಿ ಗರಸು ಇಲ್ಲವೇ ಗಟ್ಟಿ ನೆಲ ಸಿಗುವವರೆಗೆ ತೋಡಬೇಕು. ಅದು ತೀರಾ ಆಳದಲ್ಲಿದ್ದರೆ ಅಂಡರ್ ರೀಮ್ಡ್ ಪೈಲ್ ಹಾಕುತ್ತಾರೆ. ಬುಡದಲ್ಲಿ ಗಡ್ಡೆಯ ಹಾಗೆ ಅಗಲವಾಗಿರುವ ಕಾಂಕ್ರೀಟ್ ಕಂಬ ಅದು. ಆಳವಾದ ಎರೆಯಲ್ಲಿ ಕನಿಷ್ಠ 3.5 ಮೀಟರ್ ಇಳಿಯಬೇಕು, ಯಾಕೆಂದರೆ ಮೇಲಿನ ಮಣ್ಣು ಎಷ್ಟೇ ಉಬ್ಬಿ ಕುಗ್ಗಿದರೂ ಆ ಆಳದಲ್ಲಿ ತೇವ ಜಾಸ್ತಿ ಏರುಪೇರಾಗುವುದಿಲ್ಲ. ತೋಡಿದ ಕರಿಮಣ್ಣನ್ನೇ ಮತ್ತೆ ಪಾಯಾದ ಪಕ್ಕ ತುಂಬಲೂಬಾರದು.

ನನಗೆ "ಐದಡಿಗೆ ಗರಸು ಹತ್ತೇತ್ರಿ" ಅಂದಿದ್ದರು. ಬಿರುಕು ಬಿಟ್ಟ ಮೇಲೆ ಮೂಲೆಯಲ್ಲಿ ತೋಡಿಸಿದೆ. ಮೂರಡಿಗೇ ಪಾಯಾ ಮುಗಿದಿತ್ತು. ಅದರ ಕೆಳಗೂ ಎರೆ, ಪಕ್ಕದಲ್ಲೂ ಎರೆ. ತೋಡಿದ ಗೌಂಡಿ ಕಾಕಾ ಏನೂ ಮಾತಾಡದೆ ಸಲಿಕೆ ಬದಿಗಿಟ್ಟು ಎಲೆಅಡಿಕೆ ಚೀಲ ತೆಗೆದರು.

ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಒಳ್ಳೆಯವರೇ, ಕೂರಿಸಿ ಚಹಾ ತರಿಸಿ ವರದಿ ತೋರಿಸಿದರು. ಕೆಲಸ ಶೇಕಡಾ ಎಷ್ಟು ಮುಗಿದಿದೆ, ಈಗಿನ ಬೆಲೆ ಎಷ್ಟು, ನಕ್ಷೆಯಂತೆ ಇದೆಯೇ, ಎಷ್ಟು ದುಡ್ಡು ಬಿಡಬಹುದು. ಇಷ್ಟೇ. ಪಾಯಾದ ಆಳದ ಮಾತೇ ಇಲ್ಲ. "ನೀವು ಕಟ್ಟದಿದ್ರ ಮನಿ ಮಾರಿ ನಮ್ಮ ರೊಕ್ಕ ಬರ್ತೈತೋ ಇಲ್ಲೋ, ಅಷ್ಟ ನೋಡೋದ್ರಿ ನಾವು" ಅಂದರು. 30 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಶೇ 90ರಷ್ಟು ತನಕ ಕೊಡಬಹುದು ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಹಾಗಾಗಿ ಅವರಿಗೆ ಬೇಕಾದದ್ದು ಬೆಲೆ. ಅವರ ತಪಾಸಣೆ ಬೆಲೆ ನೋಡುವುದಕ್ಕಷ್ಟೇ ಅಂತ ನಾನು ಸಹಿ ಹಾಕಿದ ಒಪ್ಪಂದದಲ್ಲೂ ಬರೆದಿತ್ತು. ಅಷ್ಟು ಸಹಿ ಹಾಕುವಾಗ ಯಾರು ಓದುತ್ತಾರೆ?

ಇದೇ ಬ್ಯಾಂಕಿನ ಇಂಜಿನಿಯರ್ ಕೊನೆಯ ಕಂತಿನಲ್ಲಿ ಏನು ಮಾಡಿದ್ದರು ಗೊತ್ತಾ? ನಕ್ಷೆಗಿಂತ ಬಾಲ್ಕನಿ ಎರಡಡಿ ಮುಂದೆ ಬಂದಿದೆ ಅಂತ ಎರಡು ಲಕ್ಷ ತಡೆಸಿದ್ದರು. ಮಣ್ಣಿನೊಳಗಿನ ಮೂರಡಿ ಕಾಣಲಿಲ್ಲ, ಮೇಲಿನ ಎರಡಡಿ ತಕ್ಷಣ ಕಂಡಿತು.

ಸಾಲದ ಜೊತೆ ಮಾಡಿಸಿದ್ದ ಮನೆ ವಿಮೆಯೂ ಕೆಲಸಕ್ಕೆ ಬರಲಿಲ್ಲ. ಹೊಸ ಕಟ್ಟಡ ಕುಸಿದು ಕೂರುವುದರಿಂದ ಬರುವ ಬಿರುಕು, ಕಳಪೆ ಕೆಲಸದಿಂದ ಆದ ಹಾನಿ ಅದಕ್ಕೆ ಸೇರುವುದಿಲ್ಲ.

ಹಾಗಾಗಿ ಪಾಯಾ ಮುಚ್ಚುವ ಮೊದಲು ನಿಮ್ಮದೇ ಇಂಜಿನಿಯರ್ ಕರೆಸಿ ತೋರಿಸಿ. ಪಾಲಿಕೆ ನಕ್ಷೆಗೆ ಸಹಿ ಮಾಡಿದವರು ಜಾಗಕ್ಕೂ ಬರುತ್ತಾರೆ ಅಂತ ನಂಬಬೇಡಿ, ನನ್ನವರು ಒಮ್ಮೆಯೂ ಬರಲಿಲ್ಲ. ಗುಂಡಿಯೊಳಗೆ ಟೇಪು ಇಳಿಸಿ, ಅಂಕಿ ಕಾಣುವಂತೆ ಫೋಟೋ ತೆಗೆದಿಡಿ. ಆಳ ಎಷ್ಟು, ತುಂಬುವುದು ಯಾವ ಮಣ್ಣು ಅನ್ನುವುದನ್ನು ಗುತ್ತಿಗೆಯ ಕಾಗದದಲ್ಲೇ ಬರೆಸಿ. ಒಂದಿಷ್ಟು ದುಡ್ಡನ್ನು ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವವರೆಗೆ ಕೊಡದೆ ಇಟ್ಟುಕೊಳ್ಳಿ. ನಾನು ಪೂರ್ತಿ ಕೊಟ್ಟು ಮುಗಿಸಿದ್ದೆ. ಈಗ ಗುತ್ತಿಗೆದಾರ ಫೋನ್ ಎತ್ತುವುದಿಲ್ಲ.

ರಿಪೇರಿಗೆ ಮೂರೂವರೆ ಲಕ್ಷ ಹೇಳಿದ್ದಾರೆ. ಅದಕ್ಕೆ ಟಾಪ್ ಅಪ್ ಸಾಲ, ಅಂದರೆ ಇದ್ದ ಸಾಲದ ಮೇಲೆ ಇನ್ನಷ್ಟು ಸಾಲ ಕೇಳಿದೆ. ಬ್ಯಾಂಕಿನಿಂದ ಮತ್ತೆ ಅದೇ ಇಂಜಿನಿಯರ್ ಬಂದರು. ಈ ಸಲ ಬಿರುಕಿನ ಹತ್ತಿರ ತುಂಬಾ ಹೊತ್ತು ನಿಂತರು, ಸ್ಕೇಲ್ ಇಟ್ಟು ಫೋಟೋ ತೆಗೆದರು. ಮನೆಯ ಬೆಲೆ ಇಳಿದಿದೆ ಅಂತ ವರದಿ ಬರೆದರು. ಟಾಪ್ ಅಪ್ ಸಿಗಲಿಲ್ಲ, ಆ ಭೇಟಿಯ ಫೀಸು ನನ್ನ ಖಾತೆಯಿಂದಲೇ ಹೋಯಿತು.