ವಿನೋಬನಗರದ ಚೆಸ್ ಕ್ಲಾಸ್: ಇಲ್ಲಿ ಗೆದ್ದವರಿಗೇ ಕೆಲಸ ಜಾಸ್ತಿ

ಶಿವಮೊಗ್ಗದಲ್ಲಿ ಮಕ್ಕಳಿಗೆ ಚೆಸ್ ಕ್ಲಾಸ್ ಎಲ್ಲಿ ಚೆನ್ನಾಗಿದೆ ಅಂತ ಸುಮಾರು ಜನ ಕೇಳುತ್ತಿರುತ್ತಾರೆ. ನನ್ನ ಮಗಳು ಕಳೆದ ಮಳೆಗಾಲದಿಂದ ವಿನೋಬನಗರದ ಒಂದು ಮಹಡಿ ಮನೆಯ ಕ್ಲಾಸಿಗೆ ಹೋಗುತ್ತಿದ್ದಾಳೆ. ಹೆಸರು ಹಾಕುವುದಿಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈದಿದ್ದೇನೆ.

ಓಪನಿಂಗ್, ಟ್ಯಾಕ್ಟಿಕ್ಸ್ ಎಲ್ಲ ಕಡೆಯೂ ಕಲಿಸುತ್ತಾರೆ, ಯೂಟ್ಯೂಬ್‌ನಲ್ಲೂ ಸಿಗುತ್ತದೆ. ನನಗೆ ಇಷ್ಟವಾದದ್ದು ಆಟ ಮುಗಿದ ಮೇಲಿನ ಅರ್ಧ ಗಂಟೆ. ಸೋತವರು, ಗೆದ್ದವರು ಇಬ್ಬರೂ ಅದೇ ಬೋರ್ಡಿನ ಮುಂದೆ ಕೂತು, ಬರೆದಿಟ್ಟ ನಡೆಗಳನ್ನು ಮೊದಲಿನಿಂದ ಆಡಿ ನೋಡಬೇಕು. ಮೊದಲು ಬಾಯಿ ಬಿಡಬೇಕಾದವರು ಗೆದ್ದವರು. ತಾನು ಎಲ್ಲಿ ತಪ್ಪಾಡಿದೆ, ಎದುರಿನವರು ಅದನ್ನು ಹಿಡಿದಿದ್ದರೆ ಏನಾಗುತ್ತಿತ್ತು ಅಂತ ತೋರಿಸಬೇಕು. ಗೆದ್ದ ಮಗು ಮುಖ ಊದಿಸಿಕೊಂಡು ತಪ್ಪು ಹುಡುಕುತ್ತಿರುತ್ತದೆ, ಸೋತ ಮಗು "ಇಲ್ಲಿ ನಿನ್ನ ಕುದುರೆ ಹೋಗ್ತಿತ್ತು ನೋಡು" ಅಂತ ಕುಣಿಯುತ್ತದೆ. ನೋಡೋಕೆ ಮಜಾ.

ಸರ್ ಇದಕ್ಕೆ ಕೊಡುವ ಉದಾಹರಣೆ 2024ರ ಸಿಂಗಪುರದ ವಿಶ್ವ ಚಾಂಪಿಯನ್‌ಶಿಪ್. ನಮಗೆಲ್ಲ ನೆನಪಿರುವುದು ಡಿಸೆಂಬರ್ 12, ಗುಕೇಶ್ ಗೆದ್ದು ಕಣ್ಣೀರು ಹಾಕಿದ್ದು. ಸರ್ ಶುರು ಮಾಡುವುದು 1ನೇ ಆಟದಿಂದ. ಅದರಲ್ಲಿ ಗುಕೇಶ್ ಮೊದಲು ನಡೆಸುವ ಬಿಳಿ ಕಾಯಿ ಹಿಡಿದೂ ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಎದುರು ಸೋತಿದ್ದರು. 3 ಮತ್ತು 11ನೇ ಆಟ ಗೆದ್ದರು, 12ನೇ ಆಟದಲ್ಲಿ ಮತ್ತೆ ಸೋತರು. 14ನೇ ಆಟ ಡ್ರಾ ಕಡೆಗೆ ಹೋಗುತ್ತಿದ್ದಾಗ ಡಿಂಗ್ ತಪ್ಪಿ ಆನೆಯನ್ನು ಎಫ್2 ಮನೆಗೆ ತಂದರು, ಅಲ್ಲಿಗೆ ಮುಗಿಯಿತು, ಒಟ್ಟು 7.5–6.5ರಿಂದ ಗುಕೇಶ್ ಗೆದ್ದರು. ಅತ್ತುಕೊಂಡೇ ಗುಕೇಶ್ ಕಾಯಿಗಳನ್ನೆಲ್ಲ ಮತ್ತೆ ಬೋರ್ಡಿನ ಮೇಲೆ ಜೋಡಿಸಿಟ್ಟರು. ನಮ್ಮ ಕ್ಲಾಸಿನಲ್ಲೂ ಕಾಯಿ ಜೋಡಿಸದೆ ಯಾರೂ ಏಳುವಂತಿಲ್ಲ. 2025ರ ನಾರ್ವೆ ಚೆಸ್‌ನಲ್ಲಿ ಗುಕೇಶ್‌ಗೆ ಸೋತ ಕಾರ್ಲ್‌ಸನ್ ಮೇಜು ಗುದ್ದಿದ ವಿಡಿಯೋ ಮಕ್ಕಳಿಗೆಲ್ಲ ಬಾಯಿಪಾಠ. ಸರ್ ಅದನ್ನು ಬೈಯಲಿಲ್ಲ. ಸಿಟ್ಟು ಬರಲಿ, ಕೈ ಕುಲುಕಿ ಎದ್ದು ಹೋಗಿ ಅಂದರು, ಅಷ್ಟೇ.

ರೇಟಿಂಗ್, ಅಂದ್ರೆ ಆಟಗಾರರ ಬಲ ತೋರಿಸುವ ಅಂಕದ ಬಗ್ಗೆ ಒಂದು ದಿನ ನಮಗೂ ಪಾಠ ಆಯಿತು. ಸಮ ರೇಟಿಂಗಿನ ಇಬ್ಬರು ಮಕ್ಕಳು ಆಡಿದರೆ ಗೆದ್ದವರಿಗೆ 20 ಬರುತ್ತದೆ, ಸೋತವರಿಂದ 20 ಹೋಗುತ್ತದೆ. ತುಂಬಾ ಮೇಲಿರುವವರ ಕೈಲಿ ಸೋತರೆ ಹೋಗುವುದು ಚೂರೇ ಚೂರು, ತುಂಬಾ ಕೆಳಗಿರುವವರನ್ನು ಗೆದ್ದರೆ ಬರುವುದೂ ಅಷ್ಟೇ. ತೀರ್ಥಹಳ್ಳಿ ಕಡೆಯಿಂದ ಮಗನನ್ನು ಕರೆತರುವ ಬೆಳೆಗಾರರೊಬ್ಬರು, "ಅಡಿಕೆ ರೇಟ್ ಇದ್ದಂಗೆ ಬಿಡಿ, ದಿನಾ ನೋಡಿದ್ರೆ ಹುಚ್ಚು ಹಿಡಿಯುತ್ತೆ" ಅಂದರು. ತಿಂಗಳ 1ನೇ ತಾರೀಕು ವಿಶ್ವ ಚೆಸ್ ಸಂಸ್ಥೆ ಫಿಡೆಯ ರೇಟಿಂಗ್ ಪಟ್ಟಿಯನ್ನು ಎಲ್ಲರಿಗಿಂತ ಮೊದಲು ತೆಗೆದು ನೋಡುವವರೂ ಅವರೇ!

ಈಗ ಬೈಯುವ ಭಾಗ. ಇಷ್ಟೆಲ್ಲ ಹೇಳಿಕೊಡುವ ಜಾಗದ ಬಾಗಿಲಲ್ಲೇ ದೊಡ್ಡ ಬೋರ್ಡು, ಈ ತಿಂಗಳ ಮೊದಲ ಮೂವರ ಫೋಟೋ, ಸುತ್ತ ಬಂಗಾರದ ಬಣ್ಣದ ನಕ್ಷತ್ರ. ಒಳಗೊಂದು ಪಾಠ, ಹೊರಗೊಂದು ಪಾಠ, ಏನು ಅರ್ಥ? ಕೇಳಿದರೆ ಪೋಷಕರೇ ಕೇಳಿ ಹಾಕಿಸಿದ್ದು ಅಂತಾರೆ. ನಂಬುತ್ತೇನೆ. ಮಕ್ಕಳು ಮೆಟ್ಟಿಲು ಇಳಿಯುವ ಮೊದಲೇ "ಗೆದ್ಯಾ?" ಅಂತ ಕೂಗುವವರು ನಾವೇ ಅಲ್ವಾ.

ಬ್ಯಾಚಿನಲ್ಲಿ ಮಕ್ಕಳು ಜಾಸ್ತಿ, ಹೊಸಬರನ್ನು ದೊಡ್ಡ ಹುಡುಗರ ಕೈಗೆ ಬಿಟ್ಟುಬಿಡುತ್ತಾರೆ. ಮೇಲೆ ತಗಡಿನ ಶೀಟು, ಜುಲೈ ಮಳೆ ಹಿಡಿದರೆ ಸರ್ ಹೇಳಿದ್ದು ಹಿಂದಿನ ಬೆಂಚಿಗೆ ಕೇಳುವುದಿಲ್ಲ. ಕರೆಂಟ್ ಹೋದರೆ ಯುಪಿಎಸ್ ಇಲ್ಲ, ಮೊಬೈಲ್ ಟಾರ್ಚಿನಲ್ಲೇ ಆಟ.

ಫೀಸು ಸಂಗೀತ ಕ್ಲಾಸಿಗಿಂತ ಸ್ವಲ್ಪ ಜಾಸ್ತಿ. ನನಗೆ ಅದು ದುಬಾರಿ ಅನಿಸಿಲ್ಲ. ಬೇಗ ಕಪ್ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ, ಬೇರೆ ಕಡೆ ನೋಡಿ. ಮೊದಲ ಕ್ಲಾಸ್ ಉಚಿತ. ಆಟ ಮುಗಿದ ತಕ್ಷಣ ಮಗುವನ್ನು ಎಬ್ಬಿಸಿಕೊಂಡು ಬರಬೇಡಿ, ಆಮೇಲಿನ ಅರ್ಧ ಗಂಟೆ ನೀವೂ ಕೂತು ನೋಡಿ ತೀರ್ಮಾನ ಮಾಡಿ. ಗಾಡಿ ಮಾತ್ರ ಮುಖ್ಯ ರಸ್ತೆಯಲ್ಲೇ ನಿಲ್ಲಿಸಿ, ಒಳಗಿನ ಕ್ರಾಸಿನಲ್ಲಿ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ.