ಮೊರ್ವಾಂ ಕಾಡಿನ ಸೈಕಲ್ ದಾರಿಗಳು: ಬೈಕ್ ಪಾರ್ಕ್ ಅಂದ್ಕೊಂಡು ಹೋಗ್ಬೇಡಿ

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಇನ್ನೊಂದು ಯಾಕೆ ಹೋಯ್ತು ಅಂದ್ರೆ ಮರ ಕಡಿಯೋ ಮೆಷಿನ್‌ಗಳಿಂದ, ಅದರ ಕತೆ ಮುಂದೆ ಹೇಳ್ತೀನಿ.

ಫ್ರಾನ್ಸ್‌ನ ಬರ್ಗಂಡಿ ಅಂದ ತಕ್ಷಣ ಎಲ್ರಿಗೂ ವೈನ್ ನೆನಪಾಗುತ್ತೆ, ಆದ್ರೆ ಅದೇ ಬರ್ಗಂಡಿಯ ನಡುಮಧ್ಯ ಗ್ರಾನೈಟ್ ಕಲ್ಲಿನ ಗುಡ್ಡ, ಬೀಚ್, ಓಕ್ ಅನ್ನೋ ಎಲೆಮರಗಳ ಕಾಡು, ಎಲ್ಲಿ ನೋಡಿದ್ರೂ ಹಳ್ಳ ತೊರೆ ಇರೋ ಒಂದು ಸೀಮೆ ಇದೆ, ಅದೇ ಮೊರ್ವಾಂ. 1970ರಲ್ಲಿ ಇದನ್ನ ರೀಜನಲ್ ನ್ಯಾಚುರಲ್ ಪಾರ್ಕ್ ಅಂತ ಮಾಡಿದ್ರು. ಪಾರ್ಕ್ ಅಂದ್ರೆ ಗೇಟು ಟಿಕೆಟ್ಟು ಏನಿಲ್ಲ, ಒಳಗೆ ಊರುಗಳಿವೆ, ದನ ಮೇಯ್ತಿರ್ತವೆ (ಬಿಳಿ ಶಾರೊಲೆ ದನಗಳು, ಬೇಲಿ ಪಕ್ಕ ನಿಂತ್ಕೊಂಡು ಸೈಕಲ್ ಹೋಗೋ ತನಕ ದಿಟ್ಟಿಸಿ ನೋಡ್ತವೆ), ಜನ ಮಾಮೂಲಿ ಜೀವನ ಮಾಡ್ಕೊಂಡಿದಾರೆ. ಇದ್ರೊಳಗೆ ಮೌಂಟೇನ್ ಬೈಕಿಗೆ ಅಂತ ಗುರುತು ಹಾಕಿರೋ ದಾರಿಗಳ ದೊಡ್ಡ ಜಾಲ ಇದೆ, ಅದರಲ್ಲಿ ಉತ್ತರದ ಅವಲ್ಲೋಂ ಊರಿಂದ ದಕ್ಷಿಣದ ಓತಾಂ ತನಕ ಹೋಗೋ ಉದ್ದದ್ದೊಂದು 300 ಕಿ.ಮೀ. ಮೀರುತ್ತೆ. ಪೂರ್ತಿ ಮಾಡ್ಲೇಬೇಕು ಅಂತೇನಿಲ್ಲ, ತುಂಡು ತುಂಡಾಗಿ ಮಾಡಿದ್ರೂ ಮಜಾನೇ, ನಾನೂ ಹಂಗೇ ಮಾಡಿದ್ದು.

ಮೊದಲೇ ಒಂದು ಮಾತು. ಇಲ್ಲಿ ಲಿಫ್ಟ್ ಇಲ್ಲ, ಮರದ ಜಂಪ್ ಇಲ್ಲ, ತಿರುವಲ್ಲಿ ಮಣ್ಣು ಏರಿಸಿ ಕಟ್ಟಿರೋ ಬರ್ಮ್ ಇಲ್ಲ. ಆಲ್ಪ್ಸ್ ಕಡೆ ಬೈಕ್ ಪಾರ್ಕ್ ವಿಡಿಯೋ ನೋಡ್ಕೊಂಡು ಬಂದ ನನ್ನ ಫ್ರೆಂಡ್ ಒಬ್ಬ ಅರ್ಧ ದಿನಕ್ಕೇ "ಏನಪ್ಪಾ ಇದು ಬರೀ ಗಾಡಿ ದಾರಿ" ಅಂತ ಮುಖ ಊದಿಸ್ಕೊಂಡ. ಅವನು ಹೇಳಿದ್ದು ಸುಳ್ಳಲ್ಲ, ಇದು ನಿಜವಾಗ್ಲೂ ಗಾಡಿ ದಾರೀನೇ, ಸೌದೆ ಸಾಗಿಸೋಕೆ ಆಗಿದ್ದ ದಾರಿ, ಊರಿಂದೂರಿಗೆ ನಡೆಯೋ ದಾರಿ, ಹಳ್ಳದ ದಂಡೆ ಮೇಲಿನ ಕಾಲ್ದಾರಿ, ಇವನ್ನೇ ಜೋಡಿಸಿ ಜೋಡಿಸಿ ರೂಟ್ ಮಾಡಿದಾರೆ. ಅತಿ ಎತ್ತರದ ಜಾಗ ಓ-ಫೋಲಾಂ ಗುಡ್ಡ 901 ಮೀಟರ್ ಅಷ್ಟೇ, ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಒಂದು ಹಳ್ಳಕ್ಕೆ ಇಳಿಯೋದು ದಾಟೋದು ಮತ್ತೆ ಹತ್ತೋದು, ಇನ್ನೊಂದು ಹಳ್ಳಕ್ಕೆ ಇಳಿಯೋದು, ಸಂಜೆ ಹೊತ್ತಿಗೆ ತೊಡೆ ನಡುಗುತ್ತೆ. ಬೆಂಗಳೂರಿನ ತುರಹಳ್ಳಿ ಕಾಡಲ್ಲಿ ಓಡಿಸಿ ರೂಢಿ ಇರೋರಿಗೆ ಟೆಕ್ನಿಕಲ್ ಆಗಿ ಕಷ್ಟ ಏನಿಲ್ಲ, ಬೇರು ಮತ್ತೆ ಒದ್ದೆ ಗ್ರಾನೈಟ್ ಇವೆರಡರ ಹತ್ರ ಮಾತ್ರ ಹುಷಾರು. ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಶನ್ ಇರೋ ಸೈಕಲ್) ಸಾಕು, ಟೈರ್ ಮಾತ್ರ ದಪ್ಪದ್ದು ಹಾಕಿ.

ಗುರುತಿನ ಬಗ್ಗೆ ಕಂಪ್ಲೇಂಟ್ ಇಲ್ಲ. ಫ್ರಾನ್ಸ್ ಪೂರ್ತಿ ಮೌಂಟೇನ್ ಬೈಕ್ ದಾರಿಗೆ ಒಂದು ತ್ರಿಕೋನ, ಪಕ್ಕದಲ್ಲಿ ಎರಡು ವೃತ್ತ, ಅದನ್ನ ನೋಡ್ಕೊಂಡು ಹೋಗ್ತಿದ್ರೆ ಆಯ್ತು. ಹಸಿರು, ನೀಲಿ, ಕೆಂಪು, ಕಪ್ಪು ಅಂತ ಕಷ್ಟದ ಲೆಕ್ಕ. ಮರದ ಮೇಲೆ ಬಿಳಿ ಕೆಂಪು ಪಟ್ಟಿ ಕಂಡ್ರೆ ಅದು GR ಅಂತ ಕರೆಯೋ, ನಡೆಯೋರ ದೂರದ ದಾರಿ, ಇಲ್ಲಿ GR 13 ಹಾದು ಹೋಗುತ್ತೆ, ಕೆಲವು ಕಡೆ ಎರಡೂ ಒಂದೇ ದಾರೀಲಿ ಬರ್ತವೆ, ಅಲ್ಲಿ ನಡೆಯೋರಿಗೆ ದಾರಿ ಬಿಟ್ಟು ಒಂದು ಬೋಂಜೂರ್ ಹೇಳಿ ಮುಂದೆ ಹೋಗಿ. ಫೋನಲ್ಲಿ ಮ್ಯಾಪ್ ಡೌನ್‌ಲೋಡ್ ಮಾಡ್ಕೊಂಡೇ ಹೋಗಿ, ಕಣಿವೆಗಳಲ್ಲಿ ನೆಟ್‌ವರ್ಕ್ ನಂಬೋಕಾಗಲ್ಲ.

ನನಗೆ ಇಷ್ಟ ಆಗಿದ್ದು ನದಿ ಕಡೆ ದಾರಿಗಳು. ಕ್ಯೂರ್ ನದಿ, ಅದಕ್ಕೆ ಸೇರೋ ಶಾಲೋ, ಕೂಸ್ಯಾಂ, ಆಮೇಲೆ ಯೊನ್, ಎಲ್ಲಾ ನೀರು ಕೊನೆಗೆ ಸೇನ್ ನದಿ ಸೇರಿ ಪ್ಯಾರಿಸ್‌ಗೇ ಹೋಗೋದು. ಈ ವಿಷಯ ಗೊತ್ತಿಲ್ದೆ ಇಲ್ಲಿ ಸೈಕಲ್ ಹೊಡೆದ್ರೆ ಅರ್ಧ ಮಜಾ ತಪ್ಪೋಗುತ್ತೆ. 16ನೇ ಶತಮಾನದ ಮಧ್ಯದಿಂದ ಪ್ಯಾರಿಸ್‌ನ ಒಲೆಗಳಿಗೆ ಸೌದೆ ಹೋಗ್ತಿದ್ದಿದ್ದು ಇಲ್ಲಿಂದ, ಅದೂ ನೀರಲ್ಲಿ. ದಿಮ್ಮಿಯ ತುದಿಗೆ ಸುತ್ತಿಗೆಯಿಂದ ಮಾಲೀಕನ ಗುರುತು ಹೊಡೆದು ಹಳ್ಳಕ್ಕೆ ಎಸೆಯೋದು, ಮೇಲಿನ ಕೆರೆ ತೂಬು ಎತ್ತೋದು, ನುಗ್ಗಿದ ನೀರಿಗೆ ಎಲ್ಲರ ದಿಮ್ಮಿನೂ ಒಟ್ಟಿಗೆ ಹೊರಡೋದು, ಕೆಳಗೆ ಕ್ಲಾಮ್ಸಿ ಊರಲ್ಲಿ ಹಿಡಿದು ಗುರುತು ನೋಡಿ ಬೇರೆ ಮಾಡಿ ಉದ್ದುದ್ದ ತೆಪ್ಪ ಕಟ್ಟಿ ಪ್ಯಾರಿಸ್‌ಗೆ ಬಿಡೋದು. ಕಲ್ಲಿದ್ದಲು, ರೈಲು ಬಂದ ಮೇಲೆ ಈ ವ್ಯಾಪಾರ ಕುಸೀತಾ ಬಂದು 1923ರ ಹೊತ್ತಿಗೆ ಪೂರ್ತಿ ನಿಂತೋಯ್ತು. ಈಗ ಫ್ಯಾಮಿಲಿಗಳು ಪೆಡಲ್ ಬೋಟ್ ಓಡಿಸೋ ಸೆತ್ತೋಂ ಕೆರೆ ಇದ್ಯಲ್ಲ, ಅದು ಕ್ಯೂರ್ ನದಿಗೆ 1858ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಅಣೆಕಟ್ಟು, ಕಟ್ಟಿದ್ದೇ ಸೌದೆ ತೇಲಿಸೋಕೆ ನೀರು ಬೇಕು ಅಂತ. ಕೆರೆ ಸುತ್ತ ಹೋಗೋ ದಾರಿ ಮಕ್ಕಳಿಗೂ ಆಗುತ್ತೆ, ಭಾನುವಾರ ಮಾತ್ರ ಅಲ್ಲಿ ಜಾತ್ರೆ ಜನ, ಬೆಳಿಗ್ಗೆ ಬೇಗ ಮುಗಿಸ್ಕೊಳ್ಳಿ. ಅಲ್ಲಿಂದ ಕ್ಯೂರ್ ಹಿಡ್ಕೊಂಡು ಗೂಲೂ ಕಡೆ ಇಳಿದ್ರೆ ಸಣ್ಣದೊಂದು ಜಲಪಾತ ಸಿಗುತ್ತೆ, ಜೋಗ ಅಂದ್ಕೊಂಡು ಹೋಗ್ಬೇಡಿ, ಆದ್ರೆ ಕಾಲು ಇಳಿಬಿಟ್ಟು ಕೂರೋಕೆ ಸೂಪರ್ ಜಾಗ. ಇನ್ನು ಪಾನೆಸ್ಯೇರ್ ಅಣೆಕಟ್ಟು 1949ರದ್ದು, ಅದು ಯೊನ್ ನದಿಗೆ, ಪ್ಯಾರಿಸ್‌ಗೆ ಪ್ರವಾಹ ಬರದಿರಲಿ ಬೇಸಿಗೇಲಿ ನೀರು ಕಮ್ಮಿ ಆಗದಿರಲಿ ಅಂತ ಕಟ್ಟಿದ್ದು. ಒಟ್ನಲ್ಲಿ ಇಲ್ಲಿ ಕೆರೆ ಅಂದ್ರೆ ಪ್ಯಾರಿಸ್‌ನ ಲೆಕ್ಕಾಚಾರ.

ಈಗ ಆ ಕಳೆದ ಸ್ಟಾರಿನ ವಿಷಯ. ಸೌದೆ ವ್ಯಾಪಾರ ನಿಂತ್ರೂ ಮರದ ವ್ಯಾಪಾರ ನಿಂತಿಲ್ಲ. ಎರಡನೇ ಮಹಾಯುದ್ಧ ಆದ್ಮೇಲೆ ಹಳೇ ಬೀಚ್ ಓಕ್ ಕಾಡು ಕಡಿದು ಡಗ್ಲಸ್ ಫರ್ ಅನ್ನೋ ಅಮೆರಿಕದ ಮರ ಸಾಲಾಗಿ ನೆಟ್ಟಿದಾರೆ, ನಮ್ಮ ಮಲ್ನಾಡಲ್ಲಿ ಅಕೇಶಿಯಾ ಪ್ಲಾಂಟೇಶನ್ ಒಳಗೆ ಹೊಕ್ಕಂಗೇ, ನೆರಳಿದೆ ಆದ್ರೆ ಹಕ್ಕಿ ಸದ್ದಿಲ್ಲ, ನೆಲದಲ್ಲಿ ಗಿಡ ಇಲ್ಲ. ಜೊತೆಗೆ ಕ್ರಿಸ್‌ಮಸ್ ಟ್ರೀ ಬೆಳೆಯೋ ಹೊಲಗಳು ಬೇರೆ. ಡಗ್ಲಸ್ ಬಲಿತ ಮೇಲೆ ಇಡೀ ಗುಡ್ಡ ಒಂದೇ ಸಲ ಬೋಳಿಸ್ತಾರೆ, ದೈತ್ಯ ಮೆಷಿನ್ ಬಂದು ಹೋದ ಮೇಲೆ ನಿಮ್ಮ ಚಂದದ ದಾರಿ ಮೊಣಕಾಲುದ್ದ ಗಾಲಿ ಗುಂಡಿ, ಅದ್ರೊಳಗೆ ನೀರು, ಮೇಲೆ ಮುರಿದ ಕೊಂಬೆ. ಗುರುತು ಇದ್ದ ಮರವೇ ಲಾರಿ ಹತ್ತಿ ಹೋಗಿರುತ್ತೆ, ಇನ್ನು ಗುರುತು ಎಲ್ಲಿ ಹುಡುಕ್ತೀರಿ. ಗ್ರಾನೈಟ್ ಮರಳು ನೆಲ ಆಗಿರೋದ್ರಿಂದ ಬೇರೆ ಕಡೆ ಮಳೆ ನಿಂತು ಸ್ವಲ್ಪ ಹೊತ್ತಿಗೆ ನೀರು ಇಂಗೋಗುತ್ತೆ, ಈ ಗುಂಡಿಗಳಲ್ಲಿ ಮಾತ್ರ ಬೇಸಿಗೇಲೂ ಕೆಸರು. ನಮ್ಮ ಜೊತೆ ಇದ್ದ ಒಬ್ಬರಿಗೆ ಕೊಂಬೆ ಸಿಕ್ಕಾಕೊಂಡು ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸೋ ಭಾಗನ ಫ್ರೇಮಿಗೆ ಹಿಡಿದಿಡೋ ತುಂಡು) ಮುರೀತು, ಸ್ಪೇರ್ ಇದ್ದಿದ್ದಕ್ಕೆ ಬಚಾವ್, ಇಲ್ಲಾಂದ್ರೆ ಹತ್ತಿರದ ಸೈಕಲ್ ಅಂಗಡಿಗೆ ತಳ್ಕೊಂಡು ಹೋಗೋ ಕತೆ. ಊರವರಿಗೂ ಇದರ ಬಗ್ಗೆ ಸಿಟ್ಟಿದೆ, ಕೆಲವರು ಸೇರಿ ದುಡ್ಡು ಹಾಕಿ ಹಳೇ ಎಲೆಮರದ ಕಾಡಿನ ತುಂಡುಗಳನ್ನ ಕೊಂಡು ಉಳಿಸ್ಕೋತಿದಾರೆ. ಅದೇ ಹೊತ್ತಿಗೆ ಸಾಮಿಲ್ಲಲ್ಲಿ ಕೆಲಸ ಮಾಡೋರೂ ಅದೇ ಊರವರೇ, ಹೊರಗಿಂದ ಬಂದ ನಾವು ಸೈಕಲ್ ದಾರಿ ಹಾಳಾಯ್ತು ಅಂತ ಜಾಸ್ತಿ ಗೊಣಗೋ ಹಂಗೂ ಇಲ್ಲ.

ನಿಲ್ಲಬೇಕಾದ ಜಾಗ ಬೇಕಾದಷ್ಟಿದೆ, ಎರಡು ಮೂರು ಹೇಳ್ತೀನಿ. ಪಿಯೆರ್-ಕಿ-ವೀರ್ ಅನ್ನೋ ಬೆನೆಡಿಕ್ಟಿನ್ ಮಠ ಕಾಡೊಳಗೆ ತೊರೆ ಪಕ್ಕ ಇದೆ, ಮಠದ ಹೆಸರಿನ ಚೀಸ್ ಸಿಗುತ್ತೆ, ಬ್ರೆಡ್ ಜೊತೆ ಅದೇ ಮಧ್ಯಾಹ್ನದ ಊಟ. ದಾಂ-ಲೆ-ಪ್ಲಾಸ್ ಊರಲ್ಲಿ ಚರ್ಚ್ ಮುಂದೆ ಸೈಕಲ್ ನಿಲ್ಸಿ, 1944ರ ಜೂನಲ್ಲಿ ಜರ್ಮನ್ ಸೈನ್ಯ ಇಲ್ಲಿ 27 ಗಂಡಸರನ್ನ ಕೊಂದು ಊರಿಗೆ ಬೆಂಕಿ ಇಟ್ಟಿತ್ತು, ಯಾಕಂದ್ರೆ ಸುತ್ತಲಿನ ಕಾಡಲ್ಲಿ ಮಾಕಿ ಅಂತ ಕರೆಯೋ ಪ್ರತಿರೋಧದ ಗುಂಪುಗಳು ಅಡಗಿದ್ವು. ಸಾಂ-ಬ್ರಿಸೋಂನಲ್ಲಿರೋ ಪಾರ್ಕ್ ಆಫೀಸ್ ಜಾಗದಲ್ಲೇ ಆ ಪ್ರತಿರೋಧದ ಮ್ಯೂಸಿಯಂ ಇದೆ, ಸೈಕಲ್ ಮ್ಯಾಪೂ ಅಲ್ಲೇ ಕೇಳಿ. ದಕ್ಷಿಣದಲ್ಲಿ ಬ್ಯೂವ್ರೇ ಬೆಟ್ಟದ ಮೇಲೆ ಬಿಬ್ರಾಕ್ತ್, ಸೀಸರ್ ಕಾಲದಲ್ಲಿ ಇಲ್ಲಿದ್ದ ಗಾಲ್ ಅನ್ನೋ ಜನರ ಪಟ್ಟಣ, ಅಲ್ಲಿ ಸೈಕಲ್ ಕೆಳಗೆ ಬಿಟ್ಟು ನಡೆದು ಹತ್ತಿ. ಒಂದು ಕಾಲದಲ್ಲಿ ಬೇಲಿಗೆ ಅಂತ ಬಗ್ಗಿಸಿ ಹೆಣೆದಿದ್ದ ಬೀಚ್ ಮರಗಳು ಆಮೇಲೆ ಯಾರೂ ಕತ್ತರಿಸ್ದೆ ಬೆಳೆದು ತಿರುಚ್ಕೊಂಡು ನಿಂತಿವೆ, ಫೋಟೋ ತೆಗೆಯೋರು ಅಲ್ಲೇ ಲಾಕ್ ಆಗ್ತಾರೆ.

ಬಾಡಿಗೆ ಬೈಕ್ ಸರ್ವೀಸ್ ಅಷ್ಟಕ್ಕಷ್ಟೇ. ನಾವು ತಗೊಂಡ ಕಡೆ ಹುಡುಗ ಒಳ್ಳೆಯವನು ಆದ್ರೆ ಬ್ರೇಕ್ ಪ್ಯಾಡ್ ಪೂರ್ತಿ ಸವೆದಿತ್ತು, ಹೇಳಿದ್ಮೇಲೆ ಚೇಂಜ್ ಮಾಡ್ಕೊಟ್ಟ. ಎಲೆಕ್ಟ್ರಿಕ್ ಬೈಕ್ ಬೇಕಾದ್ರೆ ಮುಂಚೆನೇ ಬುಕ್ ಮಾಡಿ. ಪ್ಯಾರಿಸ್‌ನಿಂದ ಬರೋರು ಬೆರ್ಸಿ ಸ್ಟೇಷನ್ನಲ್ಲಿ TER ಅನ್ನೋ ಪ್ರಾದೇಶಿಕ ಟ್ರೇನ್ ಹತ್ತಿದ್ರೆ ಅವಲ್ಲೋಂಗೆ ಬರಬಹುದು, ಸೈಕಲ್ ಒಳಗೆ ಹಾಕ್ಬಹುದು, ರಿಸರ್ವೇಶನ್ ಬೇಕಾ ಅಂತ ಸೀಸನ್ ನೋಡ್ಕೊಂಡು ಚೆಕ್ ಮಾಡಿ.

ಊಟದ್ದು ವೆಜಿಟೇರಿಯನ್‌ಗಳಿಗೆ ತಲೆನೋವು. ಇಲ್ಲಿಯ ಸ್ಪೆಷಲ್ ಕ್ರಾಪ್ಯೋ ಅನ್ನೋ ದಪ್ಪ ದೋಸೆ ಥರದ್ದು, ನೋಡಿ ಖುಷಿ ಪಡ್ಬೇಡಿ, ಅದನ್ನ ಹಂದಿ ಕೊಬ್ಬಲ್ಲಿ ಬೇಯಿಸ್ತಾರೆ. ಅಡುಗೆಮನೆ ಇರೋ ಜೀತ್ (ಪ್ರವಾಸಿಗಳಿಗೆ ಬಾಡಿಗೆಗೆ ಕೊಡೋ ಹಳ್ಳಿ ಮನೆ) ನೋಡಿ ಬುಕ್ ಮಾಡೋದು ಬೆಸ್ಟ್, ನಮ್ಮತ್ರ ಅವಲಕ್ಕಿ ಪುಳಿಯೋಗರೆ ಗೊಜ್ಜು ಇತ್ತು, ಮಾಲೀಕರಾದ ಅಜ್ಜಿನೂ ಒಂದು ತುತ್ತು ತಿಂದು ನೀರು ಕುಡಿದ್ರು, ಏನೂ ಹೇಳಲಿಲ್ಲ.

ಸೆಪ್ಟೆಂಬರಿಂದ ಫೆಬ್ರವರಿ ತನಕ ಬೇಟೆ ಸೀಸನ್, ಬೇಟೆ ನಡೀತಿದೆ ಅನ್ನೋ ಬೋರ್ಡ್ ಕಂಡ್ರೆ ಸುಮ್ನೆ ವಾಪಸ್ ತಿರುಗಿ, ಮೈಮೇಲೆ ಗಾಢ ಬಣ್ಣದ್ದೇನಾದ್ರೂ ಇರ್ಲಿ. ಮಲ್ನಾಡಿನೋರಿಗೆ ಉಣುಗು ಅಂದ್ರೆ ಮಂಗನ ಕಾಯಿಲೆ, ಇಲ್ಲಿ ಅದು ಲೈಮ್ ಕಾಯಿಲೆ ತರುತ್ತೆ, ಸಂಜೆ ಸ್ನಾನಕ್ಕೆ ಮುಂಚೆ ಮೈಯೆಲ್ಲಾ ನೋಡ್ಕೊಳ್ಳಿ, ಉಣುಗು ಕೀಳೋ ಪುಟ್ಟ ಪ್ಲಾಸ್ಟಿಕ್ ಕೊಕ್ಕೆ ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಕುಡಿಯೋ ನೀರು ಖಾಲಿ ಆದ್ರೆ ಊರ ಸ್ಮಶಾನ ಹುಡುಕಿ, ಸಾಮಾನ್ಯವಾಗಿ ಅಲ್ಲೊಂದು ನಲ್ಲಿ ಇರುತ್ತೆ, ಕುಡಿಯೋಕಲ್ಲ ಅಂತ ಬೋರ್ಡ್ ಇದ್ಯಾ ನೋಡ್ಕೊಂಡು ತುಂಬಿಸ್ಕೊಳ್ಳಿ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಅಂಗಡಿ ಬಾಗಿಲು ಹಾಕ್ತಾರೆ, ಸೋಮವಾರ ಬೇಕರಿನೂ ಎಷ್ಟೋ ಕಡೆ ಕ್ಲೋಸ್, ಹಂಗಾಗಿ ಭಾನುವಾರ ಬೆಳಿಗ್ಗೇನೇ ಎರಡು ದಿನದ ಬ್ರೆಡ್ ತಗೊಂಡು ಬ್ಯಾಗಿಗೆ ಸಿಗ್ಸಿ.