ಪೋರ್ಟಬಲ್ ಫ್ಲೋರೈಡ್ ಮೀಟರ್: ಪಾವಗಡದ ಬಿಸಿಲು ತಡ್ಕೊಳ್ಳುತ್ತಾ?

ಸ್ಪೆಕ್ಸ್ ಎಲ್ಲಾ ನೋಡಿರ್ತೀರ, ಬಿಡಿ. ನಂಗೆ ತಲೆ ಕೆಡಿಸಿದ್ದು ಒಂದೇ, ಹೊರಗಡೆ ರೀಡಿಂಗ್ ನಿಲ್ಲಲ್ಲ. ಲ್ಯಾಬಲ್ಲಿ ಫ್ಯಾನ್ ಕೆಳಗೆ ಒಂದೆರಡು ನಿಮಿಷಕ್ಕೆ ಸೆಟ್ಲ್ ಆಗೋ ಮೀಟರ್ರು ಪಾವಗಡ ಕಡೆ ಬೋರ್‌ವೆಲ್ ಹತ್ರ ಇಟ್ರೆ 1.3, 1.5, 1.6 ಅಂತ ಓಡ್ತಾನೇ ಇರುತ್ತೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲಾಂದ್ರೆ 1.5ವರ್ಗೂ ಓಕೆ. 1.4ಕ್ಕೂ 1.6ಕ್ಕೂ ಎಲೆಕ್ಟ್ರೋಡ್ (ನೀರಲ್ಲಿ ಅದ್ದೋ ಕಡ್ಡಿ, ಫ್ಲೋರೈಡನ್ನ ಮಿಲಿವೋಲ್ಟಲ್ಲಿ ಹೇಳುತ್ತೆ) ಲೆಕ್ಕದಲ್ಲಿ ವ್ಯತ್ಯಾಸ ಬರೀ 3-4 ಮಿಲಿವೋಲ್ಟು, ಇತ್ಲಾಗೆ ಅಜ್ಜಿ ಬಿಂದಿಗೆ ಹಿಡ್ಕೊಂಡು "ಕುಡೀಬೋದೇನಪ್ಪಾ?" ಅಂತ ನಿಂತಿರ್ತಾರೆ, ಏನ್ ಹೇಳೋದು.

ಮಾರಿದವ್ರಿಗೆ ಫೋನ್ ಮಾಡಿದ್ರೆ "ಆಟೋ ಟೆಂಪರೇಚರ್ ಕಾಂಪೆನ್ಸೇಶನ್ ಇದೆ ಸಾರ್" ಅಂತಾರೆ. ಇದೆ ಮಾರಾಯ, ಅದು ಸ್ಲೋಪ್ ಮಾತ್ರ ಸರಿ ಮಾಡುತ್ತೆ (ಫ್ಲೋರೈಡ್ ಹತ್ತು ಪಟ್ಟಾದ್ರೆ ಎಷ್ಟು ಮಿಲಿವೋಲ್ಟ್ ಬದಲಾಗುತ್ತೆ ಅನ್ನೋ ಲೆಕ್ಕ, 25 ಡಿಗ್ರಿಗೆ 59 ಮಿಲಿವೋಲ್ಟ್, 35ಕ್ಕೆ 61), ಎಲೆಕ್ಟ್ರೋಡೇ ಬಿಸಿಗೆ ಜಾರಿದ್ರೆ ಅದನ್ನಲ್ಲ. ಆಳದ ಬೋರ್ ನೀರು ಬೆಚ್ಚಗೆ ಬರುತ್ತೆ, ಸ್ಟ್ಯಾಂಡರ್ಡ್ (ಫ್ಲೋರೈಡ್ ಎಷ್ಟಿದೆ ಅಂತ ಮೊದ್ಲೇ ಗೊತ್ತಿರೋ, ಮೀಟರ್ ಹೊಂದಿಸೋ ದ್ರಾವಣ) ಬಾಟ್ಲು ಜೀಪಲ್ಲಿ ಇನ್ನೊಂದು ಥರ ಕಾದಿರುತ್ತೆ, ಮ್ಯಾಚ್ ಹೇಗಾಗ್ಬೇಕು?

ದಾರಿ ತೋರ್ಸಿದ್ದು ಒಂದು ಪ್ಲಾಸ್ಟಿಕ್ ಬಕೆಟ್ಟು. ಹುಣಸೆ ಮರದ ನೆರಳಲ್ಲಿ ಬಕೆಟ್ ತುಂಬಾ ನೀರು ಹಿಡಿದು, 1 ಮತ್ತು 10 ಮಿಲಿಗ್ರಾಂನ ಸ್ಟ್ಯಾಂಡರ್ಡು, ಸ್ಯಾಂಪಲ್ಲು ಎಲ್ಲಾ ಪ್ಲಾಸ್ಟಿಕ್ ಬೀಕರಲ್ಲೇ ಅದ್ರೊಳಗೆ ಕೂರಿಸಿ ಒಂದು ಟೀ ಕುಡ್ದು ಬರೋದು, ಅಷ್ಟ್ರಲ್ಲಿ ಎಲ್ಲಾ ಒಂದೇ ಬಿಸಿಗೆ ಬಂದಿರುತ್ತೆ. ಆಮೇಲೆ ಎಲ್ಲಕ್ಕೂ ಸಮಸಮ ಟಿಸಾಬ್ (ಬೇರೆ ಲವಣ, ಹುಳಿ ರೀಡಿಂಗ್ ಕೆಡಿಸದ ಹಾಗೆ ನೋಡ್ಕೊಳ್ಳೋ ದ್ರಾವಣ) ಹಾಕೋದು, ಸಣ್ಣಗೆ ವಿನೆಗರ್ ವಾಸ್ನೆ ಬರುತ್ತೆ, ಸುತ್ತ ನಿಂತ ಹುಡುಗ್ರಿಗೆ "ಗೋಬಿ ಅಂಗಡಿ ವಾಸ್ನೆ ಸಾರ್" ಅಂತ ಖುಷಿ. ಎಲೆಕ್ಟ್ರೋಡ್ ಓರೆಯಾಗಿ ಇಳ್ಸಿ ಬೆರಳಲ್ಲಿ ಒಂದ್ಸಲ ತಟ್ಟಿ, ಇಲ್ಲಾಂದ್ರೆ ತುದೀಲಿರೋ ಕ್ರಿಸ್ಟಲ್‌ಗೆ ಗಾಳಿ ಗುಳ್ಳೆ ಅಂಟ್ಕೊಂಡು ಮತ್ತೆ ಓಟ ಶುರು. ಎರಡು ಸ್ಟ್ಯಾಂಡರ್ಡ್ ಮಧ್ಯೆ 54ರಿಂದ 60 ಮಿಲಿವೋಲ್ಟ್ ವ್ಯತ್ಯಾಸ ಬಂತಾ (ನೀರು ಬಿಸಿ ಇದ್ರೆ ಒಂದು ಹೆಚ್ಚಾದ್ರೂ ಸರಿ), ಧೈರ್ಯವಾಗಿ ಮುಂದುವರೀರಿ. ಹಿಂಗೆ ಮಾಡೋಕೆ ಶುರು ಮಾಡಿದ್ಮೇಲೆ ಲ್ಯಾಬ್ ರಿಪೋರ್ಟಿಗೂ ನಮ್ದಕ್ಕೂ ಚೆನ್ನಾಗೇ ತಾಳೆ ಆಗ್ತಿದೆ, ಬೈಕೊಂಡು ವಾಪಸ್ ಕೊಡ್ಬೇಕು ಅಂದ್ಕೊಂಡಿದ್ದ ಮೀಟರ್ ಈಗ ಯಾರಿಗೂ ಎರವಲು ಕೊಡಲ್ಲ. ಆರ್‌ಒ ಘಟಕದ ನೀರಲ್ಲಿ ಫ್ಲೋರೈಡ್ ಕಮ್ಮಿ ಇರೋದ್ರಿಂದ ಇನ್ನೂ ನಿಧಾನ, ಅಲ್ಲಿ ತಾಳ್ಮೆ ಬೇಕೇ ಬೇಕು.

ಈ ಬಕೆಟ್ ವಿಷ್ಯ ಮ್ಯಾನುಯಲ್ಲಲ್ಲಿ ಒಂದ್ ಸಾಲು ಬರ್ದಿದ್ರೆ ಅವ್ರ ಗಂಟೇನ್ ಹೋಗ್ತಿತ್ತು, ಅದಕ್ಕೇ 5ಕ್ಕೆ ಮೂರೂವರೆ.

ನಮ್ ಥರ ಊರೂರು ಸುತ್ತೋರು ತಗೊಳ್ಳಿ. ವರ್ಷಕ್ಕೊಂದ್ಸಲ ನೋಡೋರಿಗೆ ಇಷ್ಟು ದುಡ್ಡು ದಂಡ, ಪ್ಲಾಸ್ಟಿಕ್ ಬಾಟ್ಲಲ್ಲಿ ತುಂಬಿ ಲ್ಯಾಬಿಗೆ ಕಳ್ಸಿ, ಫ್ಲೋರೈಡ್ ನಾಲ್ಕು ವಾರ ಆದ್ರೂ ಕೆಡಲ್ಲ.